ಸ್ಟೇನಿಂಗ್ ಡೆವಲಪರ್ ಪರೀಕ್ಷಿಸುವುದು ಹೇಗೆ? ಕಣ್ಣಿಗೆ ತೆಳು, ಪೇಪರಿಗೆ ಗಟ್ಟಿ

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಯಾರ ಕೈ ನೋಡಿದರೂ ಕಪ್ಪು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಚೊಗರು ಬಿಡುವುದಿಲ್ಲ. ಬಾಳೆಕಾಯಿ ಹೆಚ್ಚಿದ ಕೈಯದೂ ಅದೇ ಕಥೆ. ಕಾಯಿಯೊಳಗಿನ ರಸ ಗಾಳಿಗೆ ಸಿಕ್ಕಿ ಬಣ್ಣ ತಿರುಗುತ್ತದೆ, ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಕಪ್ಪು-ಬಿಳುಪು ಫಿಲ್ಮನ್ನು ತೊಳೆದು ಚಿತ್ರ ಮೂಡಿಸುವ ದ್ರಾವಣಕ್ಕೆ ಡೆವಲಪರ್ ಎನ್ನುತ್ತಾರೆ. ಫಿಲ್ಮಿನ ಮೇಲೆ ಹೆಚ್ಚುಕಡಿಮೆ ಇದೇ ಕೆಲಸ ಮಾಡುವ ಡೆವಲಪರ್‌ಗಳಿವೆ. ಅವನ್ನು ಸ್ಟೇನಿಂಗ್, ಅಂದರೆ ಬಣ್ಣ ಹಿಡಿಸುವ, ಡೆವಲಪರ್ ಎನ್ನುತ್ತಾರೆ. ಆ ಬಣ್ಣವೇ ಸ್ಟೇನ್. ಅಮೆರಿಕದ ಫೋಟೊಗ್ರಾಫರ್ ಎಡ್ವರ್ಡ್ ವೆಸ್ಟನ್ ಕಾಲದಲ್ಲಿ ಬಳಕೆಯಲ್ಲಿದ್ದ ಪೈರೊ, ಗಾರ್ಡನ್ ಹಚಿಂಗ್ಸ್ ರೂಪಿಸಿದ ಪಿಎಂಕೆ, ಸ್ಯಾಂಡಿ ಕಿಂಗ್ ರೂಪಿಸಿದ ಪೈರೊಕ್ಯಾಟ್-ಎಚ್‌ಡಿ ಎಲ್ಲವೂ ಈ ಕುಟುಂಬದವು.

ಈ ಲೇಖನದಲ್ಲಿ ನಾನು ಪೈರೊಕ್ಯಾಟ್-ಎಚ್‌ಡಿಯನ್ನು ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಫಿಲ್ಮಿನ ಜೊತೆ ಪರೀಕ್ಷಿಸುವುದನ್ನು ಹೇಳುತ್ತೇನೆ. ಬೇರೆ ಫಿಲ್ಮಿಗೂ ಬೇರೆ ಸ್ಟೇನಿಂಗ್ ಡೆವಲಪರಿಗೂ ದಾರಿ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಪೈರೊಕ್ಯಾಟ್‌ನ ಮುಖ್ಯ ಪುಡಿ ಕ್ಯಾಟೆಕಾಲ್. ವೀಳ್ಯದ ಜೊತೆ ಹಾಕುತ್ತೇವಲ್ಲ ಕಾಚು, ಈ ಹೆಸರು ಬಂದದ್ದೇ ಅದರಿಂದ. 1839ರಲ್ಲಿ ಇದನ್ನು ಮೊದಲು ಪಡೆದದ್ದು ಕಾಚಿನಿಂದ ಬರುವ ವಸ್ತುವನ್ನು ಭಟ್ಟಿ ಇಳಿಸಿ. ಬೆಳಕು ಬಿದ್ದ ಜಾಗದಲ್ಲಿ ಕ್ಯಾಟೆಕಾಲ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹಾಗೆ ಮಾಡುವಾಗ ತಾನೂ ಬಣ್ಣ ತಿರುಗಿ, ಅಲ್ಲೇ ಫಿಲ್ಮಿನ ಮೇಲೆ ಬೆಳ್ಳಿಯನ್ನು ಹಿಡಿದಿಟ್ಟಿರುವ ಜೆಲಟಿನ್‌ಗೆ ಕಂದು ಬಣ್ಣವಾಗಿ ಅಂಟಿಕೊಳ್ಳುತ್ತದೆ. ಜೊತೆಗೆ ಚರ್ಮ ಹದ ಮಾಡಿದ ಹಾಗೆ ಜೆಲಟಿನ್ನನ್ನೂ ಗಟ್ಟಿ ಮಾಡುತ್ತದೆ. ಬೆಳ್ಳಿ ಜಾಸ್ತಿ ಇದ್ದಲ್ಲಿ ಬಣ್ಣವೂ ಜಾಸ್ತಿ. ಹೀಗೆ ಒಂದೇ ನೆಗೆಟಿವ್‌ನಲ್ಲಿ ಎರಡು ಚಿತ್ರ ಕೂರುತ್ತವೆ, ಒಂದು ಬೆಳ್ಳಿಯದು, ಇನ್ನೊಂದು ಬಣ್ಣದ್ದು.

ಮಾಮೂಲಿ ಡೆವಲಪರ್‌ಗಳಲ್ಲಿ ಹೀಗೇಕೆ ಆಗುವುದಿಲ್ಲ? ಹೆಚ್ಚಿದ ಬಾಳೆಕಾಯಿ ಕಪ್ಪಾಗದಿರಲಿ ಅಂತ ಮಜ್ಜಿಗೆ ನೀರಿಗೆ ಹಾಕುತ್ತೇವೆ. ಡೆವಲಪರ್‌ನಲ್ಲಿ ಆ ಮಜ್ಜಿಗೆ ನೀರಿನ ಕೆಲಸ ಸಲ್ಫೈಟಿನದು. ಮಾಮೂಲಿ ಡೆವಲಪರಾದ ಡಿ-76ರಲ್ಲಿ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುತ್ತದೆ. ಬಳಸುವ ಹದಕ್ಕೆ ಬೆರೆಸಿದ ಪೈರೊಕ್ಯಾಟ್-ಎಚ್‌ಡಿಯಲ್ಲಿ ಲೀಟರಿಗೆ ಸುಮಾರು 0.1 ಗ್ರಾಂ ಮೆಟಾಬೈಸಲ್ಫೈಟ್ ಅಷ್ಟೇ. ಅದಕ್ಕೇ ಇಲ್ಲಿ ಬಣ್ಣ ಉಳಿಯುತ್ತದೆ.

ಪರೀಕ್ಷೆ ಬೇಕಾಗುವುದೂ ಈ ಬಣ್ಣದ ದೆಸೆಯಿಂದಲೇ. ಕಂದು ಬಣ್ಣ ನಮ್ಮ ಕಣ್ಣಿಗೆ ತೆಳುವಾಗಿ ಕಾಣುತ್ತದೆ. ಆದರೆ ಫೋಟೊ ಪೇಪರ್ ಮುಖ್ಯವಾಗಿ ನೋಡುವುದು ನೀಲಿ ಬೆಳಕನ್ನು, ಮತ್ತು ಕಂದು ಬಣ್ಣ ನೀಲಿಯನ್ನು ತಡೆಯುತ್ತದೆ. ಕಣ್ಣಿಗೆ ಪೇಲವವಾಗಿ ಕಂಡ ನೆಗೆಟಿವ್ ಪೇಪರಿಗೆ ಚೆನ್ನಾಗಿ ಗಟ್ಟಿಯಾಗಿರಬಹುದು. ಹೊಸಬರು ಇಲ್ಲೇ ಎಡವುತ್ತಾರೆ. ತೆಳು ಬಂತು ಅಂತ ಮುಂದಿನ ರೋಲಿಗೆ ಐದು ನಿಮಿಷ ಜಾಸ್ತಿ ಕೊಡುತ್ತಾರೆ, ಮೋಡವೆಲ್ಲ ಸುಣ್ಣ ಬಳಿದ ಗೋಡೆಯಾಗುತ್ತದೆ. ಸ್ಟೇನ್ ಇರುವ ನೆಗೆಟಿವನ್ನು ಕಣ್ಣಿನಿಂದ ಅಳೆಯಬೇಡಿ. ನೀವು ಪ್ರಿಂಟ್ ಮಾಡುವ ಪೇಪರಿನಿಂದಲೇ ಅಳೆಯಿರಿ.

ಮೊದಲು ಕೈಗವಸು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಯಾಟೆಕಾಲ್ ವಿಷ. ಹೊಟ್ಟೆಗೆ ಹೋದರಷ್ಟೇ ಅಲ್ಲ, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಕ್ಯಾನ್ಸರ್ ತರಬಹುದಾದ ವಸ್ತುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ನೈಟ್ರೈಲ್ ಕೈಗವಸು ಹಾಕದೆ ಬಾಟಲಿ ಮುಟ್ಟಬೇಡಿ. ಪುಡಿ ತೂಗುವಾಗ ಧೂಳು ತಡೆಯುವ ಮಾಸ್ಕ್ ಇರಲಿ, ಫ್ಯಾನ್ ಆರಿಸಿ. ಅಡುಗೆಮನೆ ಬೇಡವೇ ಬೇಡ. ಅಡುಗೆಯ ಲೋಟ, ಚಮಚ, ತಕ್ಕಡಿ ಯಾವುದೂ ಬೇಡ. ಬಾಟಲಿಗೆ ಕನ್ನಡದಲ್ಲಿ ದೊಡ್ಡದಾಗಿ 'ವಿಷ' ಎಂದು ಬರೆದು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಬಳಸಿದ ದ್ರಾವಣವನ್ನು ಗಿಡದ ಬುಡಕ್ಕಾಗಲಿ ಬಾವಿಯ ಹತ್ತಿರಕ್ಕಾಗಲಿ ಚೆಲ್ಲಬೇಡಿ.

ಎ ಮತ್ತು ಬಿ ಬಾಟಲಿ

ಸಿದ್ಧ ಬಾಟಲಿ ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ಲ್ಯಾಬ್ ಕೆಮಿಕಲ್ ಅಂಗಡಿಯಿಂದ ಪುಡಿ ತಂದು ನಾವೇ ಮಾಡಿಕೊಳ್ಳಬಹುದು. ಲೀಟರಿನ ಲೆಕ್ಕದಲ್ಲಿ ಎ ದ್ರಾವಣಕ್ಕೆ 10 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್, 50 ಗ್ರಾಂ ಕ್ಯಾಟೆಕಾಲ್, 2 ಗ್ರಾಂ ಫೆನಿಡೋನ್, 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್. ಬಿ ದ್ರಾವಣಕ್ಕೆ 750 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮಾತ್ರ.

ನಾನು ಒಮ್ಮೆಗೆ ಕಾಲು ಲೀಟರ್ ಮಾತ್ರ ಮಾಡುತ್ತೇನೆ. ಆಗ ಎ ಬಾಟಲಿಗೆ ಕ್ರಮವಾಗಿ 2.5, 12.5, 0.5 ಮತ್ತು 0.25 ಗ್ರಾಂ, ಬಿ ಬಾಟಲಿಗೆ 187.5 ಗ್ರಾಂ. ಇಷ್ಟರಲ್ಲಿ ಫಿಲ್ಮ್ ತೊಳೆಯುವ 500 ಮಿ.ಲೀ. ಟ್ಯಾಂಕಿಗೆ 50 ಸಲ ಆಗುತ್ತದೆ. ಸಣ್ಣ ತೂಕಗಳಿಗೆ 0.01 ಗ್ರಾಂ ತೋರಿಸುವ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬೇಕು.

ನೀರು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ. ಬೋರ್‌ವೆಲ್‌ನ ಗಡಸು ನೀರಿಗೆ ಕಾರ್ಬೊನೇಟ್ ಬಿದ್ದರೆ ಸುಣ್ಣದಂಥ ಬಿಳಿ ಗಸಿ ಏಳುತ್ತದೆ. ಎ ದ್ರಾವಣಕ್ಕೆ ಬೇಕಾದ ನೀರಿನ ಮುಕ್ಕಾಲು ಪಾಲನ್ನು ಉಗುರು ಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡಿ. ಮೊದಲು ಮೆಟಾಬೈಸಲ್ಫೈಟ್ ಕರಗಿಸಿ, ಆಮೇಲೆ ಕ್ಯಾಟೆಕಾಲ್, ಆಮೇಲೆ ಉಳಿದವು. ಫೆನಿಡೋನ್ ಕರಗಲು ಸತಾಯಿಸುತ್ತದೆ, ತಾಳ್ಮೆಯಿಂದ ಕದಡಿ. ಬಿ ದ್ರಾವಣಕ್ಕೆ ತಣ್ಣೀರೇ ಸಾಕು, ಏಕೆಂದರೆ ಕಾರ್ಬೊನೇಟ್ ಕರಗುವಾಗ ತಾನೇ ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ. ಕೊನೆಗೆ ನೀರು ಸೇರಿಸಿ ಎರಡನ್ನೂ 250 ಮಿ.ಲೀ.ಗೆ ತನ್ನಿ.

ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್ ಚೆನ್ನ. ಎರಡು ತನ್ನಿ. ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಎಂದು ಬರೆಯಿರಿ. ಯಾವತ್ತೂ ಅದಲುಬದಲು ಮಾಡಬೇಡಿ. ನಾನು ಒಮ್ಮೆ ಅವಸರದಲ್ಲಿ ಒಂದೇ ಸಿರಿಂಜ್ ಎರಡಕ್ಕೂ ಅದ್ದಿದೆ. ಎ ಬಾಟಲಿಯೊಳಗೆ ಬಿ ದ್ರಾವಣದ ಹನಿ ಹೋಯಿತು. ಕೆಲವೇ ದಿನಕ್ಕೆ ಅದು ಕಂದು ತಿರುಗಿತ್ತು. ನನಗೆ ಗೊತ್ತಾಗಲಿಲ್ಲ. ತಂಗಿಯ ಸೀಮಂತದ ರೋಲ್ ಅದರಲ್ಲೇ ಹಾಕಿದೆ. 36 ಫ್ರೇಮಿನಲ್ಲಿ ಒಂದರಲ್ಲೂ ಮುಖ ಕಾಣುವಷ್ಟು ಗಟ್ಟಿ ಬರಲಿಲ್ಲ. ಅಂದಿನಿಂದ ಮುಂದೆ ಹೇಳುವ ತುಂಡು ಪರೀಕ್ಷೆ ಮಾಡದೆ ಯಾವ ರೋಲನ್ನೂ ಟ್ಯಾಂಕಿಗೆ ಹಾಕಿಲ್ಲ.

ತುಂಡು ಪರೀಕ್ಷೆ: ಡೆವಲಪರ್ ಜೀವಂತ ಇದೆಯಾ?

ಇದಕ್ಕೆ ಕತ್ತಲೆ ಬೇಡ, ಹತ್ತು ನಿಮಿಷ ಸಾಕು. ರೋಲಿನ ಬಾಯಿಂದ ಹೊರಗಿರುವ ನಾಲಿಗೆಯಂಥ ತುದಿಯಿಂದ ಬೆರಳಗಲದ ತುಂಡು ಕತ್ತರಿಸಿಕೊಳ್ಳಿ. 100 ಮಿ.ಲೀ. ನೀರಿಗೆ 1 ಮಿ.ಲೀ. ಎ ಹಾಕಿ ಕದಡಿ, ಆಮೇಲೆ 1 ಮಿ.ಲೀ. ಬಿ ಹಾಕಿ ಕದಡಿ. ನೀರಿಲ್ಲದೆ ಎರಡನ್ನೂ ನೇರವಾಗಿ ಬೆರೆಸಬಾರದು. ತುಂಡನ್ನು ಮುಳುಗಿಸಿ ಗಡಿಯಾರ ನೋಡಿ. ಬೂದು ಬಣ್ಣ ಯಾವಾಗ ಶುರುವಾಯಿತು, ಪೂರ್ತಿ ಕಪ್ಪು ಯಾವಾಗ ಆಯಿತು ಬರೆದಿಡಿ.

ಬಾಟಲಿ ಹೊಸದಾಗಿರುವ ದಿನವೇ ಇದನ್ನು ಮಾಡಬೇಕು. ಆ ದಿನದ ಸಮಯವೇ ನಿಮ್ಮ ಅಳತೆಗೋಲು. ಮೂರು ತಿಂಗಳ ಮೇಲೆ ಅದೇ ಉಷ್ಣತೆಯಲ್ಲಿ ಅಂಥದೇ ತುಂಡಿಗೆ ಎರಡು ಪಟ್ಟು ಸಮಯ ಹಿಡಿದರೆ ಎ ಬಾಟಲಿ ಸತ್ತಿದೆ. ಬಿ ಸಾಮಾನ್ಯವಾಗಿ ಕೆಡುವುದಿಲ್ಲ. ನೀರಿನಲ್ಲಿ ಮಾಡಿದ ಎ ದ್ರಾವಣ ಗಾಳಿಗೆ ಕೆಡುತ್ತದೆ, ಬಾಟಲಿಯನ್ನು ಕತ್ತಿನವರೆಗೆ ತುಂಬಿ ಇಟ್ಟರೆ ಹೆಚ್ಚು ದಿನ ಬರುತ್ತದೆ. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಮಾಡಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಬಾಳುತ್ತದೆ.

ಒಂದು ರೋಲ್, ಮೂರು ತುಂಡು

ಈಗ ನಿಜವಾದ ಪರೀಕ್ಷೆ. ನೆರಳಿನಲ್ಲಿರುವ, ಒಂದೇ ಸಮ ಬೆಳಕಿರುವ ಖಾಲಿ ಗೋಡೆ ಹುಡುಕಿ. ಕ್ಯಾಮರಾ ಸ್ಟ್ಯಾಂಡಿನ ಮೇಲಿರಲಿ, ಫೋಕಸ್ ಅನಂತಕ್ಕೆ ಇಡಿ. ಗೋಡೆ ಮಸುಕಾಗಿ ಬರಬೇಕು, ಅದರ ಒರಟು ಕಾಣಬಾರದು. ಲೈಟ್ ಮೀಟರನ್ನು ಐಎಸ್‌ಒ 125ಕ್ಕೆ, ಅಂದರೆ ಫಿಲ್ಮಿನ ಡಬ್ಬಿಯ ಮೇಲಿರುವ ವೇಗಕ್ಕೆ, ಇಟ್ಟು ಗೋಡೆ ಅಳೆಯಿರಿ. 1/60 ಸೆಕೆಂಡ್, ಎಫ್ 4 ಬಂತು ಅಂದುಕೊಳ್ಳಿ.

ಮೊದಲ ಫ್ರೇಮ್ ಲೆನ್ಸ್ ಮುಚ್ಚಿ ಹೊಡೆಯಿರಿ. ಅದು ಖಾಲಿ ಫ್ರೇಮ್, ತುಂಬ ಮುಖ್ಯ. ಎರಡನೆಯದು ಮೀಟರಿಗಿಂತ ನಾಲ್ಕು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು ಅಥವಾ ಎರಡು ಪಟ್ಟು ಏರುವುದು), ಅಂದರೆ 1/250, ಎಫ್ 8. ಮೀಟರ್ ಯಾವುದನ್ನೇ ಅಳೆದರೂ ಅದನ್ನು ನಡುವಿನ ಬೂದು ಮಾಡಲು ಹೊರಡುತ್ತದೆ. ಅದಕ್ಕಿಂತ ನಾಲ್ಕು ಸ್ಟಾಪ್ ಕೆಳಗೆ ಹೋದರೆ ಕಪ್ಪಿಗೆ ಕೂದಲೆಳೆ ಮೇಲಿನ ನೆರಳು ಸಿಗುತ್ತದೆ. ಮೂರು, ನಾಲ್ಕು, ಐದನೆಯ ಫ್ರೇಮುಗಳಿಗೆ ಶಟರ್ 1/250ರಲ್ಲೇ ಇರಲಿ. ಲೆನ್ಸಿನ ಬಾಯನ್ನು ಮೂರನೇ ಒಂದು ಸ್ಟಾಪಿನಷ್ಟೇ ತೆರೆಯುತ್ತ ಎಫ್ 5.6ಕ್ಕೆ ಬನ್ನಿ. ಈ ನಾಲ್ಕೂ ಫ್ರೇಮುಗಳು ಕ್ರಮವಾಗಿ ಐಎಸ್‌ಒ 125, 100, 80, 64ರ ನೆರಳುಗಳು. ಆರನೆಯದು ಮೀಟರ್ ಹೇಳಿದಂತೆ. ಏಳನೆಯದು ಎರಡು ಸ್ಟಾಪ್ ಜಾಸ್ತಿ, 1/15, ಎಫ್ 4. ಎಂಟನೆಯದು ಮೂರು ಸ್ಟಾಪ್ ಜಾಸ್ತಿ, 1/15, ಎಫ್ 2.8. ಬಿಳಿ ಪಂಚೆಗೆ ಬಿಸಿಲು ಬಿದ್ದಾಗಿನ ಹೊಳಪು ಇದು.

ಎಂಟು ಫ್ರೇಮ್ ಮುಗಿದ ಮೇಲೆ ಕ್ಯಾಮರಾವನ್ನು ಬೆಳಕು ನುಸುಳದ ಚೇಂಜಿಂಗ್ ಬ್ಯಾಗಿನೊಳಗೆ ತೆರೆಯಿರಿ. ರೋಲಿನ ಬಾಯಿಂದ ನಾಲ್ಕು ಬೆರಳು ಬಿಟ್ಟು ಫಿಲ್ಮ್ ಕತ್ತರಿಸಿ. ಹೊಡೆದ ತುಂಡನ್ನು ಟ್ಯಾಂಕಿನ ಸುರುಳಿಗೆ ಸೇರಿಸಿ ಮುಚ್ಚಳ ಹಾಕಿ. ಉಳಿದ ರೋಲನ್ನು ಹೊಸದರಂತೆ ಮತ್ತೆ ಕ್ಯಾಮರಾಗೆ ಹಾಕಿ, ಬೆಳಕು ಕಂಡ ಭಾಗ ದಾಟುವಷ್ಟು ತಿರುಗಿಸಿ, ಅದೇ ಎಂಟು ಫ್ರೇಮ್ ಮತ್ತೆ ಹೊಡೆಯಿರಿ. ಗೋಡೆಯ ಬೆಳಕು ಬದಲಾಗಿದ್ದರೆ ಮೀಟರ್ ಹೊಸದಾಗಿ ಓದಿ. ಒಂದು 36ರ ರೋಲಿನಲ್ಲಿ ಇಂಥ ಮೂರು ತುಂಡು ಬರುತ್ತವೆ.

ತೊಳೆಯುವುದು

ಉಷ್ಣತೆಯ ಮಾತು ಮೊದಲು. ವಿದೇಶಿ ಚಾರ್ಟುಗಳು 20 ಅಥವಾ 21 ಡಿಗ್ರಿಗೆ ಸಮಯ ಹೇಳುತ್ತವೆ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರು ಆ ಕಡೆಗೇ ಬರುವುದಿಲ್ಲ. ಐಸ್ ತುಂಬಿದ ಬಕೆಟ್ಟಿನ ಜೊತೆ ಗುದ್ದಾಡುವುದಕ್ಕಿಂತ ವರ್ಷವಿಡೀ ಹಿಡಿದಿಡಬಲ್ಲ ಒಂದು ಉಷ್ಣತೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. 24 ಡಿಗ್ರಿ ಇರಬಹುದು. ಪರೀಕ್ಷೆಯನ್ನು ಅಲ್ಲೇ ಮಾಡಿ. 21 ಡಿಗ್ರಿಯಾದರೆ ಮೂರು ತುಂಡುಗಳಿಗೆ 9, 12, 15 ನಿಮಿಷ ಕೊಟ್ಟು ನೋಡಿ. 24 ಡಿಗ್ರಿಯಾದರೆ 7, 9, 12. ಇವು ಹುಡುಕಾಟದ ಆರಂಭ ಮಾತ್ರ.

ಮೊದಲು ಐದು ನಿಮಿಷ ಬರೀ ನೀರಿನಲ್ಲಿ ನೆನೆಸಿ. 500 ಮಿ.ಲೀ. ನೀರಿಗೆ 5 ಮಿ.ಲೀ. ಎ, 5 ಮಿ.ಲೀ. ಬಿ, ಅಂದರೆ 1:1:100. ಬೆರೆಸಿದ ಕೂಡಲೇ ಬಳಸಿ, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬೇಡಿ. ಮೊದಲ ಒಂದು ನಿಮಿಷ ಬಿಡದೆ ಮಗುಚಿ, ಆಮೇಲೆ ಪ್ರತಿ ನಿಮಿಷಕ್ಕೆ 10 ಸೆಕೆಂಡ್. ಮಗುಚುವಾಗ ಟ್ಯಾಂಕನ್ನು ಸ್ವಲ್ಪ ತಿರುಗಿಸಿ, ಒಂದೇ ದಿಕ್ಕಿನಲ್ಲಿ ಹರಿದರೆ ಪಟ್ಟೆ ಬೀಳುತ್ತದೆ. ಮೂರೂ ತುಂಡುಗಳಿಗೆ ಹೊಸ ದ್ರಾವಣ, ಅದೇ ಉಷ್ಣತೆ, ಅದೇ ಮಗುಚುವಿಕೆ. ನಿಮಿಷ ಮಾತ್ರ ಬೇರೆ.

ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಬದಲು ನೀರು ಎರಡು ಮೂರು ಸಲ ಬದಲಿಸಿ. ಆಮೇಲೆ ಉಳಿದ ಬೆಳ್ಳಿ ಲವಣವನ್ನು ಕರಗಿಸುವ ಫಿಕ್ಸರ್. ಫಿಕ್ಸರ್‌ನಲ್ಲಿ ಗಟ್ಟಿಗೊಳಿಸುವ ಹಾರ್ಡನರ್ ಬೇಡ, ಫಿಲ್ಮನ್ನು ಡೆವಲಪರ್ರೇ ಹದ ಮಾಡಿದೆ. ಕ್ಷಾರೀಯ ಫಿಕ್ಸರ್ ಅಥವಾ ಬರೀ ಹೈಪೊ (ಸೋಡಿಯಂ ಥಯೋಸಲ್ಫೇಟ್) ಸಾಕು. ಹೈಪೊ ನಿಧಾನ, ಫಿಲ್ಮಿನ ಹಾಲುಬಣ್ಣ ಹೋಗಲು ಹಿಡಿದ ಸಮಯದ ಎರಡು ಪಟ್ಟು ಕೊಡಿ. ಕೊನೆಗೆ ನೀರಿನಲ್ಲಿ ತೊಳೆಯುವ ಮುಂಚೆ, ಹೈಪೊ ಬೇಗ ಹೋಗಲೆಂದು ಬಳಸುವ, ಸಲ್ಫೈಟ್ ಇರುವ ಹೈಪೊ ಕ್ಲಿಯರ್ ಹಾಕಬೇಡಿ. ಬಳಸಿದ ಡೆವಲಪರಿಗೆ ಫಿಲ್ಮನ್ನು ಮತ್ತೆ ಅದ್ದಿದರೆ ಬಣ್ಣ ಜಾಸ್ತಿ ಆಗುತ್ತದೆ ಎಂಬ ಹಳೆಯ ಸಲಹೆ ಕೇಳಿರಬಹುದು. ಆಗುವುದು ನಿಜ, ಆದರೆ ಚಿತ್ರವಿರಲಿ ಇಲ್ಲದಿರಲಿ, ಎಲ್ಲ ಕಡೆಗೂ ಒಂದೇ ಸಮ ಆಗುತ್ತದೆ. ಅದರಿಂದ ಪ್ರಿಂಟಿನ ಸಮಯ ಉದ್ದವಾಗುತ್ತದೆ ಅಷ್ಟೇ. ಬೇಡ.

ಬೆಳ್ಳಿ ತೆಗೆದು ನೋಡುವುದು

ಇಡೀ ಪರೀಕ್ಷೆಯಲ್ಲಿ ನನಗೆ ತುಂಬ ಇಷ್ಟದ ಭಾಗ ಇದು. ಮೊದಲ ಸಲ ಮಾಡಿದ ದಿನ ಆ ತುಂಡನ್ನು ಕಿಟಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ.

ನಡುವಿನ ಸಮಯ ಕೊಟ್ಟ ತುಂಡನ್ನು ಉದ್ದುದ್ದ ಎರಡಾಗಿ ಸೀಳಿ. ಒಂದು ಸೀಳನ್ನು ಪ್ರಿಂಟಿಗೆ ಉಳಿಸಿ. ಪೊಟ್ಯಾಸಿಯಂ ಫೆರಿಸಯನೈಡ್ 1 ಗ್ರಾಮನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಅಷ್ಟೇ ಅಳತೆಯ ಹೈಪೊ ದ್ರಾವಣ ಬೆರೆಸಿ. ಹಳೆಯ ಸ್ಟುಡಿಯೋದವರಿಗೆ ಇದು ಫಾರ್ಮರ್ಸ್ ರೆಡ್ಯೂಸರ್ ಎಂದು ಗೊತ್ತು. ಇದರ ಹತ್ತಿರ ತೀಕ್ಷ್ಣ ಆಮ್ಲ ತರಬೇಡಿ, ಬಿಸಿ ಮಾಡಬೇಡಿ, ವಿಷಗಾಳಿ ಬರಬಹುದು. ಉಳಿದ ಸೀಳನ್ನು ಇದರಲ್ಲಿ ಅದ್ದಿ ಅಲುಗಾಡಿಸುತ್ತಿರಿ. ಕಪ್ಪು ನಿಧಾನಕ್ಕೆ ಕರಗಿ ಹೋಗುತ್ತದೆ. ಕಪ್ಪು ಪೂರ್ತಿ ಹೋದ ಮೇಲೆ ತೊಳೆದು ಬಿಳಿ ಹಾಳೆಯ ಮೇಲಿಡಿ.

ಬೆಳ್ಳಿ ಎಲ್ಲ ಹೋಗಿದೆ. ಆದರೂ ಫ್ರೇಮುಗಳು ಕಂದು ಬಣ್ಣದಲ್ಲಿ ನಿಂತಿರುತ್ತವೆ. ಎಂಟನೆಯದು ಗಾಢ, ಆರನೆಯದು ತಿಳಿ, ಖಾಲಿ ಫ್ರೇಮ್ ಹೆಚ್ಚುಕಡಿಮೆ ಸ್ವಚ್ಛ. ಹೀಗಿದ್ದರೆ ಡೆವಲಪರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಖಾಲಿ ಫ್ರೇಮಿನಿಂದ ಎಂಟನೆಯದರವರೆಗೆ ಎಲ್ಲ ಒಂದೇ ಕಂದು ಆಗಿದ್ದರೆ ಅದು ಚಿತ್ರದ ಬಣ್ಣವಲ್ಲ. ಡೆವಲಪರ್ ಬೆರೆಸಿ ತುಂಬ ಹೊತ್ತು ಇಟ್ಟಿರಬಹುದು, ಇಲ್ಲವೇ ಗಾಳಿ ಜಾಸ್ತಿ ಸೇರಿರಬಹುದು. ಏನೂ ಉಳಿಯದಿದ್ದರೆ ತೂಕದಲ್ಲಿ ಸಲ್ಫೈಟ್ ಜಾಸ್ತಿ ಬಿದ್ದಿದೆಯೇ, ಎ ಬಾಟಲಿ ಕೆಟ್ಟಿದೆಯೇ ನೋಡಿ. 35 ಮಿ.ಮೀ. ಫಿಲ್ಮಿನ ಹಾಳೆಗೇ ಸ್ವಲ್ಪ ಬೂದು ಛಾಯೆ ಇರುತ್ತದೆ, ಅದನ್ನು ಸ್ಟೇನ್ ಅಂದುಕೊಳ್ಳಬೇಡಿ.

ಫೆರಿಸಯನೈಡ್ ಸಿಗದವರಿಗೆ ಸುಲಭದ ದಾರಿ ಫೋನು. ಪರದೆ ತುಂಬ ಬಿಳಿ ಬಣ್ಣ ತಂದು ನೆಗೆಟಿವ್ ಅದರ ಮೇಲಿಡಿ. ಆಮೇಲೆ ಪರದೆಯನ್ನು ಅಚ್ಚ ನೀಲಿ ಮಾಡಿ. ಸ್ಟೇನ್ ಇದ್ದರೆ ಎಂಟನೆಯ ಫ್ರೇಮ್ ನೀಲಿಯಲ್ಲಿ ಎದ್ದು ಕಪ್ಪಾಗುತ್ತದೆ. ಡಿ-76ರಲ್ಲಿ ತೊಳೆದ ನೆಗೆಟಿವ್ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕೂಡಲೇ ಕಾಣುತ್ತದೆ. ಪೇಪರ್ ನೋಡುವ ಲೋಕ ಹೆಚ್ಚುಕಡಿಮೆ ಇಂಥದ್ದು.

ಪೇಪರ್ ಏನು ಹೇಳುತ್ತದೆ

ಎನ್‌ಲಾರ್ಜರ್‌ನಲ್ಲಿ (ನೆಗೆಟಿವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಯಂತ್ರ) ಖಾಲಿ ಫ್ರೇಮ್ ಹಾಕಿ, ನೀವು ಸದಾ ಬಳಸುವ ಪೇಪರ್ ಇಡಿ. ಫಿಲ್ಟರ್ ಬದಲಿಸಿ ಚಿತ್ರವನ್ನು ಗಡಸು ಅಥವಾ ಮೆದು ಮಾಡಬಲ್ಲ ಮಲ್ಟಿಗ್ರೇಡ್ ಪೇಪರ್ ಆದರೆ 2ನೇ ಫಿಲ್ಟರ್. ಪೇಪರಿನ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಮೂರು ಮೂರು ಸೆಕೆಂಡು ಬೆಳಕು ಕೊಟ್ಟು ಮೆಟ್ಟಿಲು ಮಾಡಿ, ಪಟ್ಟಿ ತೊಳೆದು, ಒಣಗಿಸಿ ನೋಡಿ. ಒದ್ದೆ ಪೇಪರ್ ಹೊಳಪು ತೋರಿಸಿ ಮೋಸ ಮಾಡುತ್ತದೆ, ಒಣಗಿದ ಮೇಲೆ ಒಂದು ಛಾಯೆ ಇಳಿಯುತ್ತದೆ. ಪಕ್ಕದ ಮೆಟ್ಟಿಲಿಗಿಂತ ಬೇರೆಯಾಗಿ ಕಾಣದ ಮೊದಲ ಕಪ್ಪು ಯಾವುದು? ಆ ಸೆಕೆಂಡೇ ನಿಮ್ಮ ಸಮಯ. ಖಾಲಿ ಫ್ರೇಮಿನ ಮೂಲಕವೇ ಅಳೆದದ್ದರಿಂದ ಫಿಲ್ಮಿನ ಮಂಜು (ಬೆಳಕು ಬೀಳದಿದ್ದರೂ ಬರುವ ತೆಳು ಕಪ್ಪು), ಎಲ್ಲೆಡೆ ಹರಡಿದ ಬಣ್ಣ ಎಲ್ಲವೂ ಲೆಕ್ಕಕ್ಕೆ ಸೇರಿತು. ಹೀಗೆ ಒಂದೊಂದು ತುಂಡಿಗೂ ಅದರದೇ ಖಾಲಿ ಫ್ರೇಮಿನಿಂದ ಸಮಯ ಕಂಡುಕೊಳ್ಳಿ. ಎನ್‌ಲಾರ್ಜರ್ ಎತ್ತರ, ಎಫ್ ಸಂಖ್ಯೆ ಬದಲಿಸಬೇಡಿ.

ಆ ಸಮಯದಲ್ಲಿ ಉಳಿದ ಏಳು ಫ್ರೇಮುಗಳನ್ನು ಪ್ರಿಂಟ್ ಮಾಡಿ. ನೆರಳಿನ ನಾಲ್ಕು ಫ್ರೇಮುಗಳಲ್ಲಿ ಪೂರ್ತಿ ಕಪ್ಪಿನಿಂದ ಮೊದಲು ಬೇರೆಯಾಗಿ ಕಾಣುವುದು ಯಾವುದು? ಅದೇ ನಿಮ್ಮ ಫಿಲ್ಮಿನ ನಿಜವಾದ ವೇಗ. ಡಬ್ಬಿಯ ಮೇಲೆ 125 ಅಂತ ಇದ್ದು ನಿಮಗೆ 80 ಅಥವಾ 64 ಬಂದರೆ ಗಾಬರಿ ಬೇಡ, ಮೀಟರನ್ನು ಅಲ್ಲಿಗೆ ಇಡಿ ಅಷ್ಟೇ. ಆಗ ಎಲ್ಲ ಫ್ರೇಮಿಗೂ ಅಷ್ಟೇ ಬೆಳಕು ಜಾಸ್ತಿ ಬೀಳುತ್ತದೆ ಎಂಬುದು ನೆನಪಿರಲಿ. 64 ಬಂದವರಿಗೆ ಹೊಳಪಿನ ಫ್ರೇಮ್ ಏಳು ಮತ್ತು ಎಂಟರ ಆಚೆ, ಇನ್ನೊಂದು ಸ್ಟಾಪ್ ಮೇಲಿರುತ್ತದೆ. ಅವರು ಹೊಸ ವೇಗದಲ್ಲಿ ಒಂದು ತುಂಡು ಮತ್ತೆ ಹೊಡೆಯುವುದು ಒಳ್ಳೆಯದು.

ಈಗ ಹೊಳಪಿನ ಫ್ರೇಮ್. ಪೇಪರಿನ ಅಂಚಿನ ಬಿಳಿಯ ಪಕ್ಕದಲ್ಲಿ ಅದು ಒಂದೇ ಒಂದು ಛಾಯೆ ಬೂದಾಗಿ ಕಾಣಬೇಕು. ಅಂಚಿನಷ್ಟೇ ಬಿಳಿಯಾಗಿದ್ದರೆ ನಿಮಿಷ ಜಾಸ್ತಿ ಆಯಿತು. ಕೊಳಕು ಬೂದಾಗಿದ್ದರೆ ಕಡಿಮೆ ಆಯಿತು. 9ರಲ್ಲಿ ಬೂದು, 12ರಲ್ಲಿ ಬಿಳಿ ಬಂದರೆ ಮುಂದಿನ ರೋಲಿಗೆ ಹತ್ತೂವರೆ ನಿಮಿಷ ಕೊಡಿ.

ಒಂದು ಎಚ್ಚರಿಕೆ. ಈ ಉತ್ತರ ಈ ಪೇಪರಿಗೆ ಮಾತ್ರ. ಮಲ್ಟಿಗ್ರೇಡ್ ಪೇಪರ್ ನೀಲಿಯ ಜೊತೆ ಹಸಿರನ್ನೂ ನೋಡುತ್ತದೆ. ನೀಲಿ ಬೆಳಕು ಗಡಸು ಚಿತ್ರ ಕೊಡುತ್ತದೆ, ಹಸಿರು ಮೆದು ಚಿತ್ರ ಕೊಡುತ್ತದೆ. ಬಣ್ಣ ಗಾಢವಾಗಿರುವ ಹೊಳಪಿನಲ್ಲಿ ನೀಲಿ ಹೆಚ್ಚು ತಡೆದು ಹಸಿರು ದಾಟುವುದರಿಂದ ಅಲ್ಲಿ ಚಿತ್ರ ಮೆದುವಾಗುತ್ತದೆ. ಮೋಡದ ಒಳಗಿನ ಮಡಿಕೆ ಉಳಿಯುವುದು ಇದರಿಂದಲೇ. ಹಳದಿ-ಹಸಿರು ಸ್ಟೇನ್ ಕೊಡುವ ಪಿಎಂಕೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಒಂದೇ ಗ್ರೇಡಿನ ಹಳೆಯ ಬಗೆಯ ಪೇಪರ್ ನೀಲಿಯನ್ನಷ್ಟೇ ನೋಡುವುದರಿಂದ ಅದೇ ನೆಗೆಟಿವ್ ಅಲ್ಲಿ ಗಡಸು. ಬಿಸಿಲಿನಲ್ಲಿ ಸಯನೋಟೈಪ್ ಎಂಬ ನೀಲಿ ಪ್ರಿಂಟ್ ಮಾಡುವವರಿಗೆ ಇನ್ನೂ ಗಡಸು, ಸ್ಟೇನ್ ನೇರಳಾತೀತ ಬೆಳಕನ್ನು ಅಷ್ಟು ಚೆನ್ನಾಗಿ ತಡೆಯುತ್ತದೆ. ಸ್ಕ್ಯಾನ್ ಮಾತ್ರ ಮಾಡುವವರು ಆಟೊ ಸೆಟ್ಟಿಂಗ್ ಎಲ್ಲ ಆರಿಸಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ತೆರೆದು ನೋಡಿ.

ಇಷ್ಟೆಲ್ಲ ಪ್ರತಿ ಹೊಸ ಬಾಟಲಿಗೂ ಬೇಡ. ಗೋಡೆಯ ಮುಂದೆ ನಿಂತ ದಿನವೇ ಇನ್ನೊಂದು ರೋಲಿನಲ್ಲಿ ಅದೇ ಎಂಟು ಫ್ರೇಮುಗಳ ಮೂರು ತುಂಡು ಜಾಸ್ತಿ ಹೊಡೆದಿಡಿ. ಕತ್ತಲೆಯಲ್ಲೇ ಕಪ್ಪು ಡಬ್ಬಿಗೆ ಹಾಕಿ, ಟೇಪ್ ಸುತ್ತಿ, ದಿನಾಂಕ ಬರೆದು ಫ್ರೀಜರಿಗೆ ಸೇರಿಸಿ. ಮನೆಯವರಿಗೆ ಹೇಳಿಡಿ, ಇಲ್ಲದಿದ್ದರೆ ಯಾರಾದರೂ ಏನೋ ಅಂತ ತೆರೆದು ನೋಡುತ್ತಾರೆ. ಹೊಸ ಎ ಬಾಟಲಿ ಮಾಡಿದಾಗ ಒಂದು ತುಂಡು ಹೊರಗೆ ತೆಗೆಯಿರಿ, ಅದು ಮಾಮೂಲಿ ಬಿಸಿಗೆ ಬರಲಿ, ನಿಮ್ಮ ನಿಮಿಷಕ್ಕೆ ತೊಳೆಯಿರಿ. ಹಳೆಯ ತುಂಡಿನ ಪಕ್ಕ ನೀಲಿ ಪರದೆಯ ಮೇಲಿಡಿ. ಎರಡೂ ಒಂದೇ ಥರ ಕಂಡರೆ ಮನೆಯ ಸಮಾರಂಭದ ರೋಲನ್ನು ಟ್ಯಾಂಕಿಗೆ ಹಾಕಬಹುದು.